ಗೇಜ್ ಸರಿ ಇದೆ, ಬಾಗಿಲು ಬಿಗಿ ಇದೆ, ಆದರೂ ಸೋರಿಕೆ

ಪ್ರಶ್ನೆ: ಗಾಳಿ ಹೊರತೆಗೆದು ಲೋಹ ಕಾಯಿಸುವ ನಮ್ಮ ಕುಲುಮೆಯ, ಅಂದರೆ ವ್ಯಾಕ್ಯೂಮ್ ಫರ್ನೇಸ್‌ನ ಗೇಜ್ 0.00001 ಮಿಲಿಬಾರ್ ತೋರಿಸುತ್ತದೆ. ಆದರೂ ಟೈಟಾನಿಯಂ ಭಾಗಗಳು ನೀಲಿಯಾಗಿ ಹೊರಬರುತ್ತಿವೆ. ಇಷ್ಟು ಒಳ್ಳೆಯ ನಿರ್ವಾತದಲ್ಲೂ ಸೋರಿಕೆ ಇರಬಹುದೇ?

ಉತ್ತರ: ಧಾರಾಳವಾಗಿ ಇರಬಹುದು. ಭಾಗಗಳು ಇನ್ನೂ ಬಿಸಿಯಿರುವಾಗಲೇ ಬಾಗಿಲು ತೆರೆದರೂ ಗಾಳಿ ತಾಗಿ ಬಣ್ಣ ಬರುತ್ತದೆ. ಅದಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಉಳಿದಂತೆ, ಗೇಜ್ ತೋರಿಸುವುದು ಒಳಗಿನ ಒತ್ತಡವನ್ನಷ್ಟೇ. ಎಷ್ಟು ಗಾಳಿ ಒಳನುಗ್ಗಿ ಪಂಪಿನ ಪಾಲಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಪಂಪ್ ದೊಡ್ಡದಾದಷ್ಟೂ ಸೋರಿಕೆ ಚೆನ್ನಾಗಿ ಮುಚ್ಚಿಹೋಗುತ್ತದೆ.

ಲೆಕ್ಕ ಹಾಕಿ. 2,000 ಲೀಟರ್ ಕುಲುಮೆಯಲ್ಲಿ ಪಂಪಿನ ವಾಲ್ವ್ ಮುಚ್ಚಿದ ಮೇಲೆ ಗಂಟೆಗೆ 0.04 ಮಿಲಿಬಾರ್ ಏರುತ್ತದೆ ಎನ್ನೋಣ. ಹೊರಗಿನ ಒತ್ತಡದ ಲೆಕ್ಕದಲ್ಲಿ ಅದು ಸುಮಾರು 79 ಸಿಸಿ ಗಾಳಿ. ಸೆಕೆಂಡಿಗೆ 2,200 ಲೀಟರ್ ಎಳೆಯುವ ಪಂಪ್ ಇದ್ದರೆ ಗೇಜ್ ಆಗಲೂ 0.00001ರ ಆಸುಪಾಸಿನಲ್ಲೇ ನಿಂತಿರುತ್ತದೆ. ಆದರೆ ಆ ಗಾಳಿಯಲ್ಲಿ 16 ಸಿಸಿಗೂ ಹೆಚ್ಚು ಆಮ್ಲಜನಕ! ಕಾದ ಟೈಟಾನಿಯಂ ಅದನ್ನು ಹೀರಿಕೊಂಡು ಮೇಲ್ಮೈಯಲ್ಲಿ ಗಟ್ಟಿ, ಪೆಡಸು ಪದರ ಕಟ್ಟಿಕೊಳ್ಳುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದಲೇ. ವಿಪರ್ಯಾಸವೆಂದರೆ, ಹೀಗೆ ಹೀರಿಕೊಳ್ಳುವುದರಿಂದ ಗೇಜ್ ಇನ್ನೂ ಚೆನ್ನಾಗಿ ಕಾಣುತ್ತದೆ.

ಆದ್ದರಿಂದ ನಂಬಬೇಕಾದದ್ದು ಒತ್ತಡ ಏರಿಕೆಯ ಪರೀಕ್ಷೆಯನ್ನು. ಕುಲುಮೆ ಖಾಲಿಯಿರಲಿ, ಒಳಗೆ ಶುಚಿಯಿರಲಿ. ಒಮ್ಮೆ ಕಾಯಿಸಿ ತೇವ ಓಡಿಸಿ, ತಣಿಸಿ. ಪೂರ್ತಿ ನಿರ್ವಾತ ಮಾಡಿ ವಾಲ್ವ್ ಮುಚ್ಚಿ, ಮೊದಲ 15 ನಿಮಿಷ ಬಿಟ್ಟು, ಮುಂದಿನ ಒಂದು ಗಂಟೆ 10 ನಿಮಿಷಕ್ಕೊಮ್ಮೆ ಒತ್ತಡ ಬರೆದುಕೊಳ್ಳಿ. ಸಾಮಾನ್ಯ ಕೆಲಸಕ್ಕೆ ಗಂಟೆಗೆ 0.013 ಮಿಲಿಬಾರ್, ಅಂದರೆ 10 ಮೈಕ್ರಾನ್ (ಇದೂ ಒತ್ತಡದ ಅಳತೆಯೇ), ಮೀರಬಾರದು. ಟೈಟಾನಿಯಂಗೆ ಅದರ ಅರ್ಧವೇ ಸರಿ. ಗ್ರಾಫ್ ನೇರ ಗೆರೆಯಲ್ಲಿ ಏರುತ್ತಲೇ ಹೋದರೆ ಸೋರಿಕೆ. ಬಾಗಿ ಚಪ್ಪಟೆಯಾದರೆ ಒಳಗಿನ ತೇವ ಅಥವಾ ಕೊಳೆ. ಅದಕ್ಕೆ ಸೀಲ್ ಬದಲಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಬಾಗಿಲಿನ ಕ್ಲಾಂಪ್ ಇನ್ನಷ್ಟು ಬಿಗಿಗೊಳಿಸಿದರೆ ನಿಲ್ಲುವುದಿಲ್ಲವೇ?

ಉತ್ತರ: ಇಲ್ಲ. ಒಂದು ಮೀಟರ್ ವ್ಯಾಸದ ಬಾಗಿಲನ್ನು ಹೊರಗಿನ ಗಾಳಿಯೇ ಸುಮಾರು 8 ಟನ್ ಬಲದಿಂದ ಒತ್ತಿ ಹಿಡಿದಿರುತ್ತದೆ. ಲೋಹಕ್ಕೆ ಲೋಹ ತಾಗಿದ ಮೇಲೆ ನಡುವಿನ ಓ-ರಿಂಗ್ (ರಬ್ಬರ್ ಸೀಲ್) ಇನ್ನು ಅಮುಕುವುದಿಲ್ಲ. ಬದಲಿಗೆ ರಿಂಗನ್ನು ಹೊರತೆಗೆದು ಟಾರ್ಚ್ ಬೆಳಕಿನಲ್ಲಿ ನೋಡಿ: ಅಡ್ಡಲಾಗಿ ಬಿದ್ದ ಒಂದು ಕೂದಲು, ಒಂದು ಬಟ್ಟೆಯ ಎಳೆ ಸಾಕು. ರಿಂಗ್ ಕೂರುವ ಗ್ರೂವ್‌ನ ಉದ್ದಕ್ಕೆ ಬಿದ್ದ ಗೀರು ಅಷ್ಟು ಕಾಡದು, ಅಡ್ಡಗೀರು ಬಿಡದು. ರಿಂಗ್ ಒತ್ತಿಹೋಗಿ ಚಪ್ಪಟೆಯಾಗಿದ್ದರೆ ಅಥವಾ ಗಟ್ಟಿಯಾಗಿದ್ದರೆ ಬದಲಿಸಿ. ವೈಟನ್ ರಬ್ಬರ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ, ನೈಟ್ರೈಲ್ ಅದರ ಅರ್ಧದಷ್ಟು. ಬಾಗಿಲು ಕೂರುವ ಅಂಚಾದ ಫ್ಲೇಂಜ್‌ಗೆ ಹೋಗುವ ತಂಪು ನೀರು ಕಟ್ಟಿಕೊಂಡರೆ ಎರಡೂ ಬೇಗ ಸುಡುತ್ತವೆ. ವ್ಯಾಕ್ಯೂಮ್ ಗ್ರೀಸ್ ಹೊಳಪು ಬರುವಷ್ಟೇ ಸಾಕು, ಹೆಚ್ಚಾದರೆ ಧೂಳು ಹಿಡಿಯುತ್ತದೆ.

ಬಾಗಿಲು ಸರಿಯಿದ್ದರೆ ತಾಪ ಅಳೆಯುವ ಥರ್ಮೋಕಪಲ್, ವಿದ್ಯುತ್ ಒಳಹೋಗುವ ಫೀಡ್‌ಥ್ರೂ ಮತ್ತು ಗ್ಯಾಸ್ ವಾಲ್ವ್‌ಗಳನ್ನು ಹೀಲಿಯಂ ಡಿಟೆಕ್ಟರ್‌ನಿಂದ ಪರೀಕ್ಷಿಸಿ. ಹೊರಗಿನಿಂದ ಹೀಲಿಯಂ ಊದಿದರೆ ಸೋರಿಕೆಯಿದ್ದಲ್ಲಿ ಅದು ಒಳಹೊಕ್ಕು ಡಿಟೆಕ್ಟರ್ ಕೈಗೆ ಸಿಗುತ್ತದೆ. ಹೀಲಿಯಂ ಹಗುರ, ಮೇಲೇರುತ್ತದೆ. ಹಾಗಾಗಿ ಮೇಲಿಂದ ಕೆಳಕ್ಕೆ ಬನ್ನಿ. ಕುಲುಮೆಯನ್ನು ಸುತ್ತುವರಿದು ತಣಿಸುವ ನೀರಿನ ಜಾಕೆಟ್ ಮೇಲೆ ಅನುಮಾನವಿದ್ದರೆ ನೀರು ಪೂರ್ತಿ ಖಾಲಿ ಮಾಡಿ, ಒಣಗಿಸಿ, ಜಾಕೆಟ್ ಒಳಗೇ ಹೀಲಿಯಂ ಹಾಯಿಸಿ.