ಪಲ್ಲಾಡಿಯೋ ಚಿತ್ರದ ಅಂಗಳ ರೋಮ್‌ನಲ್ಲಿ ಯಾಕಿಲ್ಲ?

ಪ್ರಶ್ನೆ: ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋನ 1570ರ ಪುಸ್ತಕದಲ್ಲಿ ರೋಮನ್ ಚಕ್ರವರ್ತಿ ಆಂಟೊನೈನಸ್ ಮತ್ತು ಅವನ ಹೆಂಡತಿ ಫೌಸ್ಟಿನಾ ಹೆಸರಿನ ಗುಡಿಯ ಚಿತ್ರವಿದೆ. ಮುಂದೆ ದೊಡ್ಡ ಅಂಗಳ, ಅದರ ನಡುವೆ ಕುದುರೆ ಸವಾರನ ಪ್ರತಿಮೆ. ರೋಮ್‌ಗೆ ಹೋದಾಗ ಎರಡೂ ಕಾಣಲಿಲ್ಲ. ಕೆಡವಿದ್ದು ಯಾರು?

ಉತ್ತರ: ಯಾರೂ ಕೆಡವಿಲ್ಲ. ಆ ಅಂಗಳ ಅಲ್ಲಿ ಇರಲೇ ಇಲ್ಲ. "ಹಳೇ ಚಿತ್ರದಲ್ಲಿದೆ, ಅಂದ್ಮೇಲೆ ನಿಜ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಗುಡಿ ಕ್ರಿ.ಶ. 141ರದ್ದು. ಚಿತ್ರ ಬಂದದ್ದು 1,400 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಗುಡಿ ಚರ್ಚ್ ಆಗಿತ್ತು, ಸುತ್ತ ಮಣ್ಣು ತುಂಬಿಕೊಂಡಿತ್ತು. ಈಗ ಹೋದರೆ ಚರ್ಚಿನ ಬಾಗಿಲು ಗೋಡೆಯಲ್ಲಿ ಎಲ್ಲೋ ಮೇಲೆ, ಕೈಗೆಟುಕದಷ್ಟು ಎತ್ತರದಲ್ಲಿದೆ. ಅದನ್ನು ಇಟ್ಟಾಗ ನೆಲವೇ ಅಷ್ಟೆತ್ತರಕ್ಕಿತ್ತು. ಮಣ್ಣು ಅಗೆದ ಮೇಲೆ ತಿಳಿದದ್ದು, ಗುಡಿಯ ಮೆಟ್ಟಿಲು ನೇರವಾಗಿ ಹಳೇ ರೋಮ್‌ನ ಮುಖ್ಯ ರಸ್ತೆ ವಿಯಾ ಸಾಕ್ರಾಗೆ ಇಳಿಯುತ್ತದೆ, ನಡುವೆ ಅಂಗಳವಿಲ್ಲ.

ಪಲ್ಲಾಡಿಯೋ ಸುಳ್ಳು ಹೇಳಿದ ಅಂತಲ್ಲ. ಆತ ಕಟ್ಟಡ ಕಟ್ಟುವವನು, ಕಟ್ಟುವವರಿಗಾಗಿ ಬರೆದ. ಮುಂದೆ ಆರು ಕಂಬ, ಅದರ ಹಿಂದೆ ಎರಡೂ ಪಕ್ಕ ಎರಡೆರಡು: ಈ ಲೆಕ್ಕ ಈಗಲೂ ಸರಿಯಾಗಿದೆ. ಕಣ್ಣಿಗೆ ಕಾಣದ್ದನ್ನು ಮಾತ್ರ ಊಹೆಯಿಂದ ತುಂಬಿದ. ಕುದುರೆ ಪ್ರತಿಮೆ ಇನ್ನೊಬ್ಬ ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನದು. ಮಧ್ಯಯುಗದಲ್ಲಿ ಅದು ರೋಮ್‌ನಲ್ಲೇ, ಪೋಪ್‌ನ ಲ್ಯಾಟರನ್ ಅರಮನೆಯ ಹತ್ತಿರ ಇತ್ತು. 1538ರಲ್ಲಿ ಕ್ಯಾಪಿಟಲ್ ಗುಡ್ಡಕ್ಕೆ ಹೋಯಿತು. ಈ ಗುಡಿಯ ಮುಂದೆ, ಚಿತ್ರದಲ್ಲಿ, ತಂದು ನಿಲ್ಲಿಸಿದ್ದು ಪಲ್ಲಾಡಿಯೋನೇ.

ಆಗ ನಿಜವಾಗಿ ಏನು ಕಾಣುತ್ತಿತ್ತು ಅಂತ ತಿಳಿಯಬೇಕಾ? ಫ್ರೆಂಚ್ ಕಲಾವಿದ ದು ಪೆರಾಕ್ 1575ರಲ್ಲಿ ತಾಮ್ರದ ತಗಡಿನಿಂದ ಅಚ್ಚು ಹಾಕಿಸಿದ ಚಿತ್ರಗಳನ್ನು ನೋಡಿ. ಮುರಿದದ್ದನ್ನು ಮುರಿದ ಹಾಗೆ, ಹೂತದ್ದನ್ನು ಹೂತ ಹಾಗೆ ತೋರಿಸಿದ್ದಾನೆ. ನನಗಂತೂ ಅವೇ ಜಾಸ್ತಿ ಇಷ್ಟ.

ಪ್ರಶ್ನೆ: ನನ್ನ ಹತ್ತಿರ ಪಲ್ಲಾಡಿಯೋ ಪುಸ್ತಕದ ಒಂದು ಹಾಳೆ ಇದೆ. ಚಿತ್ರದ ಸುತ್ತ ಅಚ್ಚಿನ ತಗಡು ಒತ್ತಿದ ಗುರುತಿಲ್ಲ. ನಕಲಿಯೇ?

ಉತ್ತರ: ಆ ಪುಸ್ತಕದ ಚಿತ್ರಗಳು ಮರದ ಅಚ್ಚಿನವು. ತಗಡೇ ಇಲ್ಲದ ಮೇಲೆ ಗುರುತು ಎಲ್ಲಿಂದ ಬರಬೇಕು?

ಪ್ರಶ್ನೆ: ಕಾಗದ ಹಳದಿಯಾಗಿದೆ. ಅಸಲಿ ಅಲ್ವಾ?

ಉತ್ತರ: ಟೀಯಲ್ಲಿ ಅದ್ದಿದರೂ ಹಳದಿಯಾಗುತ್ತದೆ. ಬೆಳಕಿಗೆ ಹಿಡಿಯಿರಿ. ಕಾಗದದೊಳಗೆ, ಅದನ್ನು ಮಾಡಿದ ತಂತಿ ಜಾಲರಿಯ ಗೆರೆ ಕಾಣದಿದ್ದರೆ ಅದು 16ನೇ ಶತಮಾನದ್ದಲ್ಲ. ಕಂಡರೂ ಕುಣಿಯಬೇಡಿ, ಆಮೇಲಿನ ಕಾಗದದಲ್ಲೂ ಆ ಗೆರೆಗಳಿವೆ.

ಪ್ರಶ್ನೆ: ಕಲೆ ತೆಗೆಯಲು ಬ್ಲೀಚಿಂಗ್ ಪೌಡರ್ ಹಾಕಬಹುದಾ? ಫ್ರೇಮ್ ಅಂಗಡಿಯವರು ಹೇಳಿದರು.

ಉತ್ತರ: ಖಂಡಿತ ಬೇಡ. ಕಾಗದದ ನಾರೇ ಸತ್ತು ಹೋಗುತ್ತದೆ. ಆ ಅಂಗಡಿಗೆ ಹಾಳೆ ಕೊಡಲೇಬೇಡಿ.

ಪ್ರಶ್ನೆ: ಮೊಬೈಲ್ ಫೋಟೊ ಕಳಿಸಿದ್ದೇನೆ, ಬೆಲೆ ಎಷ್ಟು?

ಉತ್ತರ: ಫೋಟೊ ನೋಡಿ ಬೆಲೆ ಹೇಳುವುದಿಲ್ಲ.