ಜಕಾರ್ತಾದ ಸೆಕೆಗೆ ಎಂಥ ಬಟ್ಟೆ ತರಬೇಕು? ಚಡ್ಡಿ, ಟೀ ಶರ್ಟ್ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಕೆಲಸದ ಮೇಲೆ ಬೆಂಗಳೂರಿಂದ ಇಂಡೋನೇಷ್ಯಾದ ಜಕಾರ್ತಾಕ್ಕೆ ಬರುತ್ತಿದ್ದೀರಿ, ಜೊತೆಗೆ ಹೆಂಡತಿ. ವರ್ಷವಿಡೀ ಸೆಕೆ ಅಂತ ಕೇಳಿದ್ದೀರಿ. ಚಡ್ಡಿ, ಟೀ ಶರ್ಟ್ ತುಂಬಿಕೊಂಡು ಬಂದರೆ ಸಾಕಾ, ಆಫೀಸಿಗೆ ಸೂಟು ಬೇಕಾ, ಹೆಂಡತಿ ಸೀರೆ ಉಟ್ಟರೆ ಜನ ಗುರಾಯಿಸುತ್ತಾರಾ ಅಂತ ಕೇಳಿದ್ದೀರಿ. ನಾನು ಇಲ್ಲಿ ಕೆಲವು ವರ್ಷಗಳಿಂದ ಇದ್ದೇನೆ, ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಹವೆ. ಹಗಲು 31ರಿಂದ 33 ಡಿಗ್ರಿ, ರಾತ್ರಿ 25ರ ಆಸುಪಾಸು. ಜನವರಿಯೂ ಹೀಗೇ, ಜುಲೈಯೂ ಹೀಗೇ. ಲೆಕ್ಕದಲ್ಲಿ ಇದು ದೊಡ್ಡದೇನಲ್ಲ, ಕಲಬುರಗಿಯ ಮೇ ತಿಂಗಳ ಮುಂದೆ ಏನೂ ಅಲ್ಲ. ಕಷ್ಟ ಇರುವುದು ಗಾಳಿಯಲ್ಲಿರುವ ತೇವದಲ್ಲಿ. ಬೆವರು ಬರುತ್ತದೆ, ಆರುವುದಿಲ್ಲ. ನಾನು ಕುಂದಾಪುರದ ಕಡೆಯವನು, ಹಾಗಾಗಿ ನನಗೆ ಇದು ಪರಿಚಯದ ಸೆಕೆ. 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಿಂದ ಬರುವವರಿಗೆ ಮೊದಲ ತಿಂಗಳು ಸ್ವಲ್ಪ ಒದ್ದಾಟ ಇದ್ದೇ ಇದೆ.

ಇಷ್ಟು ಸೆಕೆ ಅಂದ ಮೇಲೆ ಇಲ್ಲಿಯವರು ಬಟ್ಟೆ ಕಮ್ಮಿ ಹಾಕುತ್ತಾರೆ ಅಂತ ಅಂದುಕೊಳ್ಳುತ್ತೀರಿ ಅಲ್ವಾ? ಸಿಗ್ನಲ್‌ನಲ್ಲಿ ನಿಂತ ಬೈಕುಗಳನ್ನು ಒಮ್ಮೆ ನೋಡಿ. ಮಟಮಟ ಮಧ್ಯಾಹ್ನ ದಪ್ಪ ಜಾಕೆಟ್, ಕೈಗೆ ಗ್ಲೌಸ್, ಕಾಲಿಗೆ ಸಾಕ್ಸ್. ಬಿಸಿಲಿಗೆ ಕಪ್ಪಾಗುತ್ತೇವೆ ಅನ್ನುವ ಭಯ ನಮ್ಮಲ್ಲಿದ್ದಷ್ಟೇ ಇಲ್ಲೂ ಇದೆ. ಅದರ ಜೊತೆಗೆ 'ಮಾಸುಕ್ ಆಂಗಿನ್', ಅಂದರೆ ಮೈಗೆ ಗಾಳಿ ಹೊಕ್ಕುವುದು. ಜ್ವರ, ಹೊಟ್ಟೆಯುಬ್ಬರ, ಮೈಕೈ ನೋವು ಎಲ್ಲಕ್ಕೂ ಅದೇ ಕಾರಣ ಅಂತ ಇಲ್ಲಿಯವರ ನಂಬಿಕೆ. ನಮ್ಮ ಅಜ್ಜಿಯಂದಿರು ಇಲ್ಲಿಗೆ ಬಂದಿದ್ದರೆ ಒಂದೇ ದಿನದಲ್ಲಿ ಊರಿನವರಾಗಿಬಿಡುತ್ತಿದ್ದರು.

ಹಾಗಾಗಿ ಚಡ್ಡಿ ಮನೆಯಲ್ಲಿ, ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ, ಭಾನುವಾರದ ಓಟದಲ್ಲಿ. ಶನಿವಾರ ಮಾಲ್‌ಗೂ ನಡೆಯುತ್ತದೆ. ಅದರಾಚೆ ಪ್ಯಾಂಟು ಹಾಕಿಕೊಂಡು ಹೋಗಿ. ಇಲ್ಲಿ ಬಟ್ಟೆಯ ವಿಷಯಕ್ಕೆ ಜನ ಬಳಸುವ ಮಾತು ಎರಡೇ: ರಾಪಿ ಮತ್ತು ಸೋಪಾನ್, ನೀಟು ಮತ್ತು ಮರ್ಯಾದಸ್ಥ. ಸರ್ಕಾರಿ ಕಚೇರಿಗಳ ಬೋರ್ಡಿನಲ್ಲೂ ಅದೇ ಇರುತ್ತದೆ. ವಾಸದ ಪರವಾನಗಿ 'ಕಿತಾಸ್' ಮಾಡಿಸಲು ಇಮಿಗ್ರೇಷನ್ ಕಚೇರಿಗೆ ಹೋಗುತ್ತೀರಲ್ಲ, ಅವತ್ತು ಕಾಲರ್ ಇರುವ ಅಂಗಿ, ಉದ್ದ ಪ್ಯಾಂಟು, ಮುಚ್ಚಿದ ಬೂಟು ಹಾಕಿಕೊಳ್ಳಿ. ಹವಾಯಿ ಚಪ್ಪಲಿಯಲ್ಲಿ ಹೋದರೆ ಬಾಗಿಲಲ್ಲೇ ನಿಲ್ಲಿಸಿಬಿಡಬಹುದು.

ಇನ್ನೊಂದು ವಿಷಯ. ನೀವು ತಪ್ಪು ಬಟ್ಟೆ ಹಾಕಿದರೆ ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಗುತ್ತಾರೆ ಅಷ್ಟೇ. ಬಿಳಿ ಚರ್ಮದ ವಿದೇಶಿಯನ್ನು 'ಬುಲೆ' ಅಂತ ಕರೆದು ಏನು ಹಾಕಿದರೂ ಬಿಟ್ಟುಬಿಡುತ್ತಾರೆ. ನಮಗೆ ಅಷ್ಟು ರಿಯಾಯಿತಿ ಇಲ್ಲ ಅನ್ನುವುದು ನನ್ನ ಅಂದಾಜು. ಆದರೆ ಭಾರತದವರು ಅಂತ ಗೊತ್ತಾದ ಕೂಡಲೇ ಶಾರುಖ್ ಖಾನ್ ಹೆಸರು ಬರುತ್ತದೆ, ಎಷ್ಟೋ ಕೆಲಸ ಅದರಲ್ಲೇ ಸಲೀಸಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ಬಾಟಿಕ್, ಅಂದರೆ ಮೇಣ ಹಚ್ಚಿದ ಜಾಗಕ್ಕೆ ಬಣ್ಣ ಹಿಡಿಯದ ಹಾಗೆ ಮಾಡಿ ಚಿತ್ತಾರ ಮೂಡಿಸಿದ ಬಟ್ಟೆ. ಸೂಟು ತರಬೇಡಿ. ಅಲಿ ಸಾದಿಕಿನ್ ಅಂತ ಒಬ್ಬರು 1966ರಿಂದ 1977ರವರೆಗೆ ಜಕಾರ್ತಾದ ಗವರ್ನರ್ ಆಗಿದ್ದರು. ತುಂಬು ತೋಳಿನ ಬಾಟಿಕ್ ಅಂಗಿಯನ್ನು ಸಮಾರಂಭದ ಉಡುಪಾಗಿ ಒಪ್ಪಿಸಿದ್ದು ಅವರು. ಆಮೇಲೆ ಟೈ, ಕೋಟಿನ ಜಾಗಕ್ಕೆ ಅದೇ ಬಂತು. ಮದುವೆ, ಮಂತ್ರಿಯ ಭೇಟಿ, ಕಂಪನಿಯ ವಾರ್ಷಿಕ ಊಟ, ಎಲ್ಲಕ್ಕೂ ತುಂಬು ತೋಳಿನ ಬಾಟಿಕ್ ನಡೆಯುತ್ತದೆ. ಅರ್ಧ ತೋಳಿನದು ಆಫೀಸಿಗೆ. ಯುನೆಸ್ಕೋ 2009ರ ಅಕ್ಟೋಬರ್ 2ರಂದು ಬಾಟಿಕ್ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಈಗ ಪ್ರತಿ ವರ್ಷ ಅವತ್ತು ರಾಷ್ಟ್ರೀಯ ಬಾಟಿಕ್ ದಿನ. ಶುಕ್ರವಾರ ಹೆಚ್ಚಿನ ಆಫೀಸುಗಳಲ್ಲಿ ಬಾಟಿಕ್ಕೇ. ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಡುವುದು ಪದ್ಧತಿ, ಸುಮ್ನೆ ಒಳಗೆ ತುರುಕಿಕೊಳ್ಳಬೇಡಿ.

ಕೊಳ್ಳುವಾಗ ಮೂರು ಜಾತಿ ಗೊತ್ತಿರಲಿ. 'ತುಲಿಸ್' ಅಂದರೆ ಚಾಂಟಿಂಗ್ ಅನ್ನುವ ಪುಟ್ಟ ತಾಮ್ರದ ಕೊಳವೆಯಿಂದ ಕರಗಿದ ಮೇಣ ಸುರಿಸಿ ಕೈಯಲ್ಲೇ ಬರೆದದ್ದು. 'ಚಾಪ್' ತಾಮ್ರದ ಅಚ್ಚಿನಿಂದ ಮೇಣ ಒತ್ತಿದ್ದು. ಮೂರನೆಯದು ಬರೀ ಪ್ರಿಂಟು, ಮೇಣದ ಸಂಪರ್ಕವೇ ಇಲ್ಲ. ಅಂಗಡಿಯವನು ಏನೇ ಹೇಳಲಿ, ಬಟ್ಟೆ ತಿರುಗಿಸಿ ನೋಡಿ. ಕೈಯಿಂದ ಬರೆದದ್ದರಲ್ಲಿ ಬಣ್ಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಗಾಢ. ಪ್ರಿಂಟಿನದು ಹಿಂದೆ ಪೇಲವ. ಆಮೇಲೆ ಗುಂಡಿಪಟ್ಟಿ ಮತ್ತು ಜೇಬು ನೋಡಿ. ಒಳ್ಳೆಯ ದರ್ಜಿ ಹೊಲಿದಿದ್ದರೆ ಎಡಗಡೆಯ ಚಿತ್ತಾರ ಗುಂಡಿಪಟ್ಟಿ ದಾಟಿ ಬಲಗಡೆ ಎಲ್ಲೂ ತಪ್ಪದೆ ಮುಂದುವರಿಯುತ್ತದೆ. ಜೇಬು ಎಲ್ಲಿದೆ ಅಂತ ಹುಡುಕಬೇಕು, ಹಾಗೆ ಬೆರೆತಿರುತ್ತದೆ. ಅಗ್ಗದ ಅಂಗಿಯಲ್ಲಿ ಜೇಬು ಬೇರೆ ಬಟ್ಟೆಯ ತೇಪೆ ಹಾಕಿದಂತೆ ಕಾಣುತ್ತದೆ.

ಒಳಗಿನ 'ಫುರಿಂಗ್' ಅಂದರೆ ಲೈನಿಂಗ್ ಕೂಡ ನೋಡಬೇಕು. ದುಬಾರಿ ಅಂಗಿಗೆ ಪೂರ್ತಿ ಲೈನಿಂಗ್ ಕೊಟ್ಟಿರುತ್ತಾರೆ. ಅಂಗಿ ಚೆನ್ನಾಗಿ ನಿಲ್ಲುತ್ತದೆ, ಏಸಿ ಹಾಲ್‌ನಲ್ಲಿ ಬೆಚ್ಚಗೆ. ಆದರೆ ಬಯಲಿನ ಮದುವೆಗೆ ಅದನ್ನು ಹಾಕಿಕೊಂಡು ಹೋದರೆ ಬೇಯುತ್ತೀರಿ. ಒಂದು ಲೈನಿಂಗ್ ಇರುವುದು, ಉಳಿದವು ಇಲ್ಲದವು ತೆಗೆದುಕೊಳ್ಳಿ. ಬಟ್ಟೆ ಹತ್ತಿ, ಇಲ್ಲವೇ ರೇಯಾನ್. ಪಾಲಿಯೆಸ್ಟರ್ ಬೇಡವೇ ಬೇಡ. ತಾಮ್ರಿನ್ ಸಿಟಿ ಮಾಲ್‌ನಲ್ಲಿ ಸಾಲುಸಾಲು ಬಾಟಿಕ್ ಅಂಗಡಿಗಳಿವೆ, ಪ್ರಿಂಟಿನ ಅಂಗಿ ನಮ್ಮ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಶುರುವಿಗೆ ಅದೇ ಸಾಕು, ಆಫೀಸಿನಲ್ಲಿ ಯಾರೂ ಅಂಗಿ ತಿರುಗಿಸಿ ನೋಡುವುದಿಲ್ಲ! ಕೈಯಿಂದ ಬರೆದದ್ದು ಕೊಂಡರೆ ಮಾತ್ರ ಡಿಟರ್ಜೆಂಟ್ ಹಾಕಬೇಡಿ. ಇಲ್ಲಿ 'ಲೆರಾಕ್' ಬಳಸುತ್ತಾರೆ. ಬಾಟಲಿಯಲ್ಲಿ ಬರುತ್ತದೆ, ಬೇರೇನೂ ಅಲ್ಲ, ನಮ್ಮ ಅಂಟುವಾಳದ ಜಾತಿಯ ಕಾಯಿಯದೇ ರಸ. ನೆರಳಲ್ಲಿ ಒಣಗಿಸಿ.

ಚಿತ್ತಾರದ ವಿಷಯದಲ್ಲಿ ಒಂದೇ ಎಚ್ಚರಿಕೆ. 'ಪಾರಾಂಗ್' ಅಂತ ಓರೆ ಸಾಲುಗಳ ಚಿತ್ತಾರ ಇದೆ, ಕತ್ತಿಯ ಅಲಗು ಅಥವಾ ಅಲೆ ಸಾಲಾಗಿ ಜೋಡಿಸಿದ ಹಾಗೆ. ಹಿಂದೆ ಜಾವಾದ ರಾಜಮನೆತನಕ್ಕೆ ಮೀಸಲಾಗಿತ್ತು. ಜಕಾರ್ತಾದ ಆಫೀಸಿಗೆ ಹಾಕಿದರೆ ಯಾರಿಗೂ ಏನೂ ಅನಿಸುವುದಿಲ್ಲ. ಯೋಗ್ಯಕಾರ್ತಾ ಅಥವಾ ಸೋಲೋದ ಅರಮನೆಗೆ ಹೋಗುವಾಗ ಬೇಡ. 2022ರ ಡಿಸೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಜೋಕೋ ವಿದೋದೋ ಅವರ ಕಿರಿಯ ಮಗನ ಮದುವೆಯ ಸಮಾರಂಭ ಸೋಲೋದ ಮಂಗ್ಕುನೆಗರನ್ ಅರಮನೆಯಲ್ಲಿ ನಡೆದಾಗ, ಪಾರಾಂಗ್ ಹಾಕಿಕೊಂಡು ಬರಬೇಡಿ ಅಂತ ಅತಿಥಿಗಳಿಗೆ ಮೊದಲೇ ತಿಳಿಸಿದ್ದರು.

ನಿಮ್ಮ ಹೆಂಡತಿಯ ವಿಷಯ. ಸೀರೆ ಉಟ್ಟರೆ ಜನ ನೋಡುತ್ತಾರೆ, ಆದರೆ ಖುಷಿಯಿಂದ. ಇಲ್ಲಿನ ಹೆಂಗಸರು ಮದುವೆಗೆ ಕೆಬಾಯಾ ಅನ್ನುವ ರವಿಕೆಯಂಥ ಮೇಲಂಗಿ ಮತ್ತು ಸುತ್ತುವ ಬಟ್ಟೆ ಉಡುತ್ತಾರೆ, ಹಾಗಾಗಿ ಸೀರೆ ಅವರಿಗೆ ತೀರಾ ಅಪರಿಚಿತ ಅನಿಸುವುದಿಲ್ಲ. ಫೋಟೋ ಕೇಳಬಹುದು. ದಿನಬಳಕೆಗೆ ಹತ್ತಿಯ ಸಲ್ವಾರ್ ಅತಿ ಅನುಕೂಲ, ಎಲ್ಲ ಕಡೆಗೂ ಸಲ್ಲುತ್ತದೆ. ತೋಳಿಲ್ಲದ್ದು ದಕ್ಷಿಣ ಜಕಾರ್ತಾದ ಮಾಲ್‌ಗಳಲ್ಲಿ ಸಾಮಾನ್ಯ, ಹಳೆ ಬಡಾವಣೆಯ ಓಣಿಗಳಲ್ಲಿ ಹಾಗಲ್ಲ. ಹೆಗಲಿಗೊಂದು ದುಪಟ್ಟಾ ಇದ್ದರೆ ಎರಡೂ ಕಡೆ ನಡೆಯುತ್ತದೆ. ಆ ದುಪಟ್ಟಾ ಹೇಗೂ ಬೇಕು. ಆಫೀಸು, ಸಿನಿಮಾ, ಟ್ರಾನ್ಸ್‌ಜಕಾರ್ತಾ ಬಸ್ಸು, ಎಲ್ಲ ಕಡೆ ಏಸಿಯನ್ನು ಹಗೆ ಸಾಧಿಸುವ ಹಾಗೆ ಇಟ್ಟಿರುತ್ತಾರೆ. ನಾನು ಈ ದೇಶದಲ್ಲಿ ನಡುಗಿದ್ದು ಜಾಸ್ತಿ ಮೀಟಿಂಗ್ ರೂಮಿನಲ್ಲೇ. ಬ್ಲೌಸ್ ಹೊಲಿಸಲು ಪಾಸಾರ್ ಬಾರು ಕಡೆ ವಿಚಾರಿಸಿ. 1820ರ ಹಳೆ ಪೇಟೆ, ಸಿಂಧಿಗಳ ಬಟ್ಟೆ ಅಂಗಡಿಗಳಿಗೆ ಹೆಸರುವಾಸಿ.

ಪ್ರವಾಸ ಹೋದರೆ: ಬಾಲಿಯ ದೇವಸ್ಥಾನಗಳಲ್ಲಿ ಸೊಂಟಕ್ಕೆ ಕಾಮೆನ್ ಅನ್ನುವ ಪಂಚೆಯಂಥ ಬಟ್ಟೆ ಸುತ್ತಿ, ಮೇಲೆ ಸೆಲೆಂದಾಂಗ್ ಅನ್ನುವ ನಡುಪಟ್ಟಿ ಕಟ್ಟಬೇಕು. ಪ್ರವಾಸಿಗರು ಬರುವ ದೇವಸ್ಥಾನಗಳ ಬಾಗಿಲಲ್ಲಿ ಕೊಡುತ್ತಾರೆ. ಪಂಚೆ ಉಟ್ಟು ಅಭ್ಯಾಸ ಇರುವ ನಮಗೆ ಇದೇನೂ ಕಷ್ಟವಲ್ಲ, ಬುಲೆಗಳು ಒದ್ದಾಡುವುದನ್ನು ನೋಡಬೇಕು. ಬೊರೊಬುದುರ್ ಸ್ತೂಪ ಹತ್ತುವಾಗ ಕಲ್ಲು ಸವೆಯದಿರಲಿ ಅಂತ ಅವರೇ 'ಉಪಾನತ್' ಅನ್ನುವ ಹೆಣೆದ ಚಪ್ಪಲಿ ಕೊಡುತ್ತಾರೆ. ಜಕಾರ್ತಾದ ಇಸ್ತಿಕ್ಲಾಲ್ ಮಸೀದಿಯಲ್ಲಿ ಮೈ ಕಾಣುವ ಬಟ್ಟೆ ಇದ್ದರೆ ನಿಲುವಂಗಿ ಕೊಟ್ಟು ಒಳಗೆ ಬಿಡುತ್ತಾರೆ. ಸುಮಾತ್ರಾ ದ್ವೀಪದ 'ಆಚೆ' (Aceh) ಅನ್ನುವ ಪ್ರಾಂತ್ಯದಲ್ಲಿ ಮಾತ್ರ ಷರಿಯಾ ಕಾನೂನು ಜಾರಿಯಲ್ಲಿದೆ, ಅಲ್ಲಿ ಮೈ ಪೂರ್ತಿ ಮುಚ್ಚುವ ಸಡಿಲ ಬಟ್ಟೆಯೇ ಸರಿ. ಮತ್ತೆ, ಬೆಂಗಳೂರಿನ ಸ್ವೆಟರ್ ಬಿಸಾಡಬೇಡಿ. ಬ್ರೋಮೋ ಜ್ವಾಲಾಮುಖಿಯ ಸೂರ್ಯೋದಯ ನೋಡಲು ಅದು ಬೇಕೇ ಬೇಕು. ಡಿಯೆಂಗ್ ಬೆಟ್ಟದಲ್ಲಂತೂ ಜುಲೈ, ಆಗಸ್ಟ್‌ನಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದುಂಟು.

ಬೀರುವಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಮುಚ್ಚಿಟ್ಟ ಚರ್ಮದ ಬೆಲ್ಟು, ಬೂಟಿಗೆ ಬೂಷ್ಟು ಹಿಡಿಯುತ್ತದೆ. ಪಾಲಿಯುರೆಥೇನ್ ಅಟ್ಟೆಯ ಬೂಟನ್ನು ಬಳಸದೆ ಇಟ್ಟರೆ ತೇವಕ್ಕೆ ಅಟ್ಟೆ ಒಳಗೊಳಗೇ ಹಾಳಾಗಿ, ಒಂದು ದಿನ ನಡೆಯುವಾಗಲೇ ಪುಡಿಪುಡಿಯಾಗಿ ಉದುರುತ್ತದೆ. ತೇವ ಹೀರುವ ಡಬ್ಬಿಗಳು ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತವೆ, ಪ್ರತಿ ಕಪಾಟಿಗೂ ಒಂದಿಡಿ. ರೇಷ್ಮೆ ಸೀರೆ ಎರಡು ಸಾಕು, ಅವನ್ನೂ ಏಸಿ ಇರುವ ಕೋಣೆಯಲ್ಲಿಡಿ. ಮಳೆಗಾಲದಲ್ಲಿ, ಅದರಲ್ಲೂ ಜನವರಿ, ಫೆಬ್ರವರಿಯಲ್ಲಿ, ಒಗೆದ ಬಟ್ಟೆ ಒಣಗುವುದಿಲ್ಲ. ಆಗ ಕಿಲೋ ಲೆಕ್ಕದ ಲಾಂಡ್ರಿಗೆ ಹಾಕಿ. ಇಸ್ತ್ರಿ ಮಾಡಿಯೇ ಕೊಡುತ್ತಾರೆ. ಸುಗಂಧ ಮಾತ್ರ ಮದುವೆ ಮನೆಯಷ್ಟು ಸುರಿದಿರುತ್ತಾರೆ, ಬೇಡ ಅಂತ ಮೊದಲೇ ಹೇಳಿ.

ಕೊನೆಗೆ ಸೂಟ್‌ಕೇಸಿನಲ್ಲಿ ಏನಿರಲಿ? ಹತ್ತಿಯ ಬನಿಯನ್ನು ಮತ್ತು ಒಳಉಡುಪು ಧಾರಾಳವಾಗಿ ತನ್ನಿ, ದಿನಕ್ಕೆ ಎರಡು ಜೊತೆ ಬೇಕಾಗುತ್ತದೆ. ತೆಳು ಹತ್ತಿ ಪ್ಯಾಂಟು ನಾಲ್ಕೈದು ಇರಲಿ. ನೀವು ದಪ್ಪಗಿದ್ದರೆ ಅಥವಾ ಉದ್ದಗಿದ್ದರೆ ಪ್ಯಾಂಟು ಇನ್ನೂ ಜಾಸ್ತಿ ತನ್ನಿ. ಇಲ್ಲಿನ ಅಳತೆ ಚಿಕ್ಕದು, ಊರಲ್ಲಿ ಎಲ್ ಹಾಕುವವರು ಇಲ್ಲಿ ಡಬಲ್ ಎಕ್ಸ್‌ಎಲ್ ಹುಡುಕಬೇಕಾಗುತ್ತದೆ.