ಸಂಪಾದಕರ ಉತ್ತರ: ಸ್ಕೋಲ್ಸ್ ಎದ್ದು ಹೋದದ್ದು ತಪ್ಪೇ?

ದಾವಣಗೆರೆಯ ಓದುಗರೊಬ್ಬರ ಪತ್ರ:

"ಕಳೆದ ಸಂಚಿಕೆಯಲ್ಲಿ ಫುಟ್‌ಬಾಲಿಗ ಪಾಲ್ ಸ್ಕೋಲ್ಸ್‌ನನ್ನು ಅವನ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ಮಿಡ್‌ಫೀಲ್ಡರ್ (ನಡುಮೈದಾನದ ಆಟಗಾರ) ಎಂದು ಹೊಗಳಿದ್ದೀರಿ. ಪ್ರೀಮಿಯರ್ ಲೀಗ್‌ನಲ್ಲಿ ಲ್ಯಾಂಪಾರ್ಡ್ ಹೊಡೆದದ್ದು 177 ಗೋಲು, ಜೆರಾರ್ಡ್ 120. ಸ್ಕೋಲ್ಸ್ 107. ದೇಶಕ್ಕಾಗಿ ಜೆರಾರ್ಡ್ 114 ಪಂದ್ಯ ಆಡಿದ, ಲ್ಯಾಂಪಾರ್ಡ್ 106. ಸ್ಕೋಲ್ಸ್ ಬರೀ 66. ಎಡಪಕ್ಕದಲ್ಲಿ ಆಡಿಸಿದರು ಅಂತ ಮುನಿಸಿಕೊಂಡು 29ನೇ ವಯಸ್ಸಿಗೇ ಎದ್ದು ಹೋದವನು ಅವನು. ನಮ್ಮ ದ್ರಾವಿಡ್ 2003ರ ವಿಶ್ವಕಪ್‌ನಲ್ಲಿ ತಂಡಕ್ಕಾಗಿ ಕೀಪಿಂಗ್ ಗ್ಲೌಸ್ ತೊಟ್ಟ. ದೊಡ್ಡತನ ಅಂದರೆ ಅದು. ಸ್ವಾರ್ಥಿಯೊಬ್ಬನನ್ನು ಮಕ್ಕಳಿಗೆ ಮಾದರಿ ಅಂತ ತೋರಿಸಬೇಡಿ."

ಪತ್ರ ಚೆನ್ನಾಗಿದೆ. ಅಂಕಿಗಳೂ ಸರಿ ಇವೆ. ನಮಗೆ ಬರುವ ಪತ್ರಗಳಲ್ಲಿ ಅಂಕಿ ಸರಿ ಇರುವುದೇ ಅಪರೂಪ, ಅದಕ್ಕೆ ಮೊದಲು ಶಹಬ್ಬಾಸ್. ಗೋಲಿನ ಲೆಕ್ಕದಲ್ಲಿ ಲ್ಯಾಂಪಾರ್ಡ್ ಮುಂದೆ, ಒಪ್ಪಿದೆ. ಮಿಡ್‌ಫೀಲ್ಡ್‌ನಲ್ಲಿ ನಿಂತು ಅಷ್ಟು ಗೋಲು ಹೊಡೆಯುವುದು ಹುಡುಗಾಟವಲ್ಲ. ಸ್ಕೋಲ್ಸ್‌ಗೆ ಟ್ಯಾಕಲ್ ಮಾಡಲು, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯಲು, ಬರುತ್ತಿರಲಿಲ್ಲ ಅಂತ ನೀವು ಬರೆದಿಲ್ಲ. ಬರೆದಿದ್ದರೆ ಅದನ್ನೂ ಒಪ್ಪುತ್ತಿದ್ದೆ. ಲೀಗ್‌ನಲ್ಲೇ ನೂರರ ಹತ್ತಿರ ಹಳದಿ ಕಾರ್ಡ್ ಗಿಟ್ಟಿಸಿದ ಮಹಾಶಯ ಅವನು. 1999ರಲ್ಲಿ ಸ್ವೀಡನ್ ವಿರುದ್ಧ ಕೆಂಪು ಕಾರ್ಡ್ ಕಂಡು, ಲಂಡನ್ನಿನ ಹಳೇ ವೆಂಬ್ಲಿ ಮೈದಾನದಿಂದ ಹೊರಗೆ ಕಳಿಸಿಕೊಂಡ ಮೊದಲ ಇಂಗ್ಲೆಂಡ್ ಆಟಗಾರ ಅಂತಲೂ ಹೆಸರು ಮಾಡಿದ.

ಆದರೆ "ಸ್ವಾರ್ಥಿ" ಅಂದಿರಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ.

ಆ 2004ರಲ್ಲಿ ಏನಾಯ್ತು ನೋಡಿ. ಪೋರ್ಚುಗಲ್‌ನಲ್ಲಿ ಯುರೋ ಕಪ್. ಇಂಗ್ಲೆಂಡಿನ ಕೋಚ್ ಸ್ವೆನ್ ಎರಿಕ್ಸನ್. ಅವರ ಕೈಯಲ್ಲಿ ನಾಲ್ಕು ದೊಡ್ಡ ಹೆಸರು: ಬೆಕಮ್, ಜೆರಾರ್ಡ್, ಲ್ಯಾಂಪಾರ್ಡ್, ಸ್ಕೋಲ್ಸ್. ಬೆಕಮ್ ನಾಯಕ, ಬಲಪಕ್ಕ ಅವನದು. ನಡುವಿನ ಎರಡು ಜಾಗಕ್ಕೆ ಮೂರು ಜನ. ಯಾರನ್ನೂ ಕೂರಿಸುವ ಧೈರ್ಯ ಸಾಲಲಿಲ್ಲ. ಹಾಗಾಗಿ ತಂಡದಲ್ಲಿ ಯಾರಿಗೆ ಚೆಂಡು ಹೆಚ್ಚು ಅರ್ಥವಾಗುತ್ತಿತ್ತೋ ಅವನನ್ನೇ ಎಡಗಡೆಯ ಗೆರೆಯ ಪಕ್ಕಕ್ಕೆ ತಳ್ಳಿದರು. ಅವನು ಬಲಗಾಲಿನ ಆಟಗಾರ. ಓಡಿ ಎದುರಾಳಿಯನ್ನು ಹಿಂದೆ ಹಾಕುವ ವೇಗ ಇಲ್ಲ. ಅವನ ಆಟವೆಲ್ಲ ಸುತ್ತಲೂ ಜನ ಇರುವ ನಡುಮೈದಾನದಲ್ಲೇ. ಅಂಥವನನ್ನು ಗೆರೆಯ ಪಕ್ಕ ನಿಲ್ಲಿಸಿದರೆ ಅರ್ಧ ಮೈದಾನ ಅವನಿಗೆ ಇಲ್ಲದ ಹಾಗೇ ಲೆಕ್ಕ.

ಆದರೂ ಅವನು ಗಲಾಟೆ ಮಾಡಲಿಲ್ಲ. ಕೊಟ್ಟ ಜಾಗದಲ್ಲಿ ಆಡಿದ. ಕ್ರೊಯೇಷಿಯಾ ವಿರುದ್ಧ ತಲೆಯಿಂದ ಒಂದು ಗೋಲನ್ನೂ ಹೊಡೆದ. ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ಎದುರು ಅವನನ್ನು ದ್ವಿತೀಯಾರ್ಧದಲ್ಲಿ ಹೊರಗೆ ಕರೆದು ಫಿಲ್ ನೆವಿಲ್‌ನನ್ನು ಇಳಿಸಿದರು. ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಸೋತಿತು. ಆಗಸ್ಟ್‌ನಲ್ಲಿ ಸ್ಕೋಲ್ಸ್ ಇಂಗ್ಲೆಂಡ್ ತಂಡಕ್ಕೆ ವಿದಾಯ ಹೇಳಿದ. ಕೊಟ್ಟ ಕಾರಣ ಮನೆ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್. ಎಡಪಕ್ಕದ ಮಾತೇ ಎತ್ತಲಿಲ್ಲ. ಮುನಿಸು ಅಂತ ಹೆಸರಿಟ್ಟದ್ದು ಬೇರೆಯವರು, ಈಗ ನೀವೂ ಸೇರಿ.

ಈಗ ದ್ರಾವಿಡ್ ವಿಷಯ. ನನ್ನ ಬಾಯಿ ಮುಚ್ಚಿಸಲು ಕನ್ನಡದ ಓದುಗರಿಗೆ ಇದಕ್ಕಿಂತ ಒಳ್ಳೆ ಹೆಸರು ಸಿಗಲಿಕ್ಕಿಲ್ಲ, ಬಿಡಿ! ದ್ರಾವಿಡ್ ಕೀಪಿಂಗ್ ಮಾಡಿದ್ದರಿಂದ ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಸಿಕ್ಕಿತು, ತಂಡ ಫೈನಲ್‌ಗೆ ಹೋಯಿತು. 2006ರಲ್ಲಿ ಲಾಹೋರ್‌ನಲ್ಲಿ ಇನಿಂಗ್ಸ್ ಆರಂಭಿಸಲು ತಾನೇ ಹೋಗಿ, ಸೆಹ್ವಾಗ್ ಜೊತೆ 410 ಓಟ ಪೇರಿಸಿ ಬಂದದ್ದೂ ನೆನಪಿದೆ. ಸರಿ. ಆದರೆ ಒಂದು ಗಮನಿಸಿ. ದ್ರಾವಿಡ್ ಕೈಗೆ ಗ್ಲೌಸ್ ಕೊಟ್ಟವರು ಬ್ಯಾಟ್ ಕಿತ್ತುಕೊಳ್ಳಲಿಲ್ಲ. ಅವನ ಕೆಲಸದ ಮೇಲೆ ಇನ್ನೊಂದು ಕೆಲಸ ಹೇರಿದರು, ಅಷ್ಟೆ. ಸ್ಕೋಲ್ಸ್‌ನಿಂದ ಅವನ ಕೆಲಸವನ್ನೇ ಕಿತ್ತುಕೊಂಡು ಬೇರೆಯವನ ಕೆಲಸ ಕೊಟ್ಟರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸ್ವಾರ್ಥಿ ಹೇಗಿರ್ತಾನೆ ಅಂತ ನೋಡಬೇಕಾದರೆ ಬೇರೆ ಕಡೆ ನೋಡಿ. ಈ ಮನುಷ್ಯನಿಗೆ ಚಿಕ್ಕಂದಿನಿಂದ ಆಸ್ತಮಾ. ಮೊಣಕಾಲಿನ ತೊಂದರೆ. ಯುನೈಟೆಡ್‌ನ ಮ್ಯಾನೇಜರ್ ಫರ್ಗುಸನ್ ಮೊದಲ ಸಲ ನೋಡಿದಾಗ ಈ ಗಿಡ್ಡ ಹುಡುಗ ಉದ್ಧಾರವಾಗಲ್ಲ ಅಂದುಕೊಂಡರಂತೆ. 1994ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ವೇಲ್ ವಿರುದ್ಧ ಮೊದಲ ಪಂದ್ಯ, ಎರಡು ಗೋಲು. ಅಲ್ಲಿಂದ ಒಂದೇ ಕ್ಲಬ್, 718 ಪಂದ್ಯ, 155 ಗೋಲು, 11 ಲೀಗ್ ಪ್ರಶಸ್ತಿ. ಶುರುವಿನಲ್ಲಿ ಮುಂದೆ ನಿಂತು ಗೋಲು ಹೊಡೆಯುವವನು. ಆಮೇಲೆ ಹಿಂದೆ ಬಂದ, ವಯಸ್ಸಾದ ಹಾಗೆ ಇನ್ನೂ ಹಿಂದೆ ಬಂದ, ಕೊನೆಗೆ ಅಲ್ಲಿಂದಲೇ ಇಡೀ ಆಟ ನಡೆಸಿದ. ಜಾಗ ಬದಲಾಯಿಸಲು ಒಲ್ಲೆ ಎನ್ನುವವನು ಹೀಗೆ ಮಾಡ್ತಾನಾ?

ಹಾಂ, 2001ರಲ್ಲಿ ಆರ್ಸೆನಲ್ ವಿರುದ್ಧದ ಲೀಗ್ ಕಪ್ ಪಂದ್ಯಕ್ಕೆ ಬರಲ್ಲ ಅಂತ ಹಟ ಹಿಡಿದು ದಂಡ ಕಟ್ಟಿದ್ದ. ನಿಮಗೆ ಗೊತ್ತಿದ್ದರೆ ಪತ್ರದಲ್ಲಿ ಹಾಕುತ್ತಿದ್ದಿರಿ, ಅದಕ್ಕೇ ನಾನೇ ಹೇಳಿಬಿಟ್ಟೆ.

ನನಗೆ ಅವನ ಗೋಲುಗಳಿಗಿಂತ ಇಷ್ಟವಾಗುವುದು ಬೇರೆ. ಹಳೇ ಪಂದ್ಯವೊಂದನ್ನು ಪೂರ್ತಿ ಹಾಕಿ ನೋಡಿ. ಮೊಬೈಲ್‌ನಲ್ಲಿ ಬರುವ ಅರ್ಧ ನಿಮಿಷದ ತುಣುಕು ಬೇಡ. ಚೆಂಡು ಇನ್ನೂ ಬೇರೆಯವರ ಕಾಲಲ್ಲಿರುವಾಗ ಇವನ ಕತ್ತನ್ನು ನೋಡ್ತಾ ಇರಿ. ಒಮ್ಮೆ ಎಡಭುಜದ ಮೇಲಿಂದ ಹಿಂದೆ ನೋಡ್ತಾನೆ, ಒಮ್ಮೆ ಬಲಭುಜದ ಮೇಲಿಂದ. ಚೆಂಡು ಬರುವ ಹೊತ್ತಿಗೆ ಯಾರು ಎಲ್ಲಿದ್ದಾರೆ ಅಂತ ಲೆಕ್ಕ ಮುಗಿದಿರುತ್ತದೆ. ಒಂದೇ ಮುಟ್ಟು. ಚೆಂಡು ಐವತ್ತು ಗಜ ದಾಟಿ ಬಲಪಕ್ಕದವನ ಕಾಲ ಮುಂದೆ ಬೀಳುತ್ತದೆ. ಅಭ್ಯಾಸದ ವೇಳೆ ಗ್ಯಾರಿ ನೆವಿಲ್ ಮೂತ್ರಕ್ಕೆ ನಿಂತಿದ್ದಾಗ, ದೂರದಿಂದ ಗುರಿಯಿಟ್ಟು ಅವನಿಗೇ ಚೆಂಡು ಬಾರಿಸಿದ ಕಥೆಯನ್ನು ಜೊತೆಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಈ ಕತ್ತು ತಿರುಗಿಸುವುದಕ್ಕೆ ನಿಮ್ಮ ಪಟ್ಟಿಯಲ್ಲಿ ಕಾಲಂ ಎಲ್ಲಿದೆ? ತಾನು ಕಂಡ ಕಳೆದ ಹದಿನೈದು ಇಪ್ಪತ್ತು ವರ್ಷಗಳ ಅತ್ಯುತ್ತಮ ಮಿಡ್‌ಫೀಲ್ಡರ್ ಸ್ಕೋಲ್ಸ್ ಅಂತ ಬಾರ್ಸಿಲೋನಾದ ಚಾವಿ ಹೇಳಿದ. ಚಾವಿ ಗೋಲು ಎಣಿಸುವ ಪೈಕಿ ಅಲ್ಲ.

1999ರ ಕಥೆ ನೆನಪಿಸಿಕೊಳ್ಳಿ. ಟುರಿನ್‌ನಲ್ಲಿ ಯುವೆಂಟಸ್ ವಿರುದ್ಧ ಸೆಮಿಫೈನಲ್. ಬದಲಿಯಾಗಿ ಬಂದ ಸ್ಕೋಲ್ಸ್ ಹಳದಿ ಕಾರ್ಡ್ ಪಡೆದು, ಮುಂದಿನ ಪಂದ್ಯಕ್ಕೆ ನಿಷೇಧಕ್ಕೊಳಗಾಗಿ, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಕಳಕೊಂಡ. ನ್ಯೂಕಾಸಲ್ ವಿರುದ್ಧದ ಎಫ್‌ಎ ಕಪ್ ಫೈನಲ್‌ನಲ್ಲಿ ಗೋಲು ಹೊಡೆದ ನಾಲ್ಕೇ ದಿನಕ್ಕೆ, ಬಾರ್ಸಿಲೋನಾದಲ್ಲಿ ಕೋಟು ಹಾಕಿಕೊಂಡು ಕೂತು, ಗೆಳೆಯರು ಕೊನೇ ಕ್ಷಣದಲ್ಲಿ ಬಯರ್ನ್ ಮ್ಯೂನಿಕ್‌ನ ಸೋಲಿಸಿದ್ದನ್ನು ನೋಡಿದ. ಒಂಬತ್ತು ವರ್ಷ ಕಾದ. 2008ರ ಏಪ್ರಿಲ್ 29ರಂದು ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಮತ್ತೆ ಸೆಮಿಫೈನಲ್, ಎದುರಾಳಿ ಅದೇ ಊರಿನ ತಂಡ ಬಾರ್ಸಿಲೋನಾ. 14ನೇ ನಿಮಿಷ. ಜಾಂಬ್ರೋಟಾ ಅಜಾಗರೂಕತೆಯಿಂದ ಆಚೆಗಟ್ಟಿದ ಚೆಂಡು ಇವನಿಗೆ ಸಿಕ್ಕಿತು. ಸುಮಾರು 25 ಗಜದಿಂದ ಬಲಗಾಲಲ್ಲಿ ಬಾರಿಸಿದ. ಗೋಲ್‌ಕೀಪರ್ ವಾಲ್ಡೆಸ್ ಹಾರಿದ್ದು ಸುಮ್ನೆ ಆಯಿತು, ಚೆಂಡು ಬಾಗಿಕೊಂಡು ಮೇಲಿನ ಮೂಲೆಗೆ ಹೋಯಿತು. ಆ ಪಂದ್ಯದ ಒಂದೇ ಗೋಲು. ಫೈನಲ್‌ನಲ್ಲಿ ಮೊದಲ ಹೆಸರು ಇವನದೇ ಅಂದರು ಫರ್ಗುಸನ್. ಮಾಸ್ಕೋದಲ್ಲಿ ಮೂಗಿನಿಂದ ರಕ್ತ ಸೋರಿದರೂ ಆಡಿದ, ಪದಕ ಗೆದ್ದ. ಅದಕ್ಕೆ ಎರಡು ವರ್ಷ ಹಿಂದೆಯಷ್ಟೇ ಕಣ್ಣು ಮಂಜಾಗಿ ಅರ್ಧ ಸೀಸನ್ ಮನೆಯಲ್ಲಿದ್ದವನು.

ಇನ್ನು, ಅವನನ್ನು ಬಿಟ್ಟ ಇಂಗ್ಲೆಂಡ್ ಏನು ಕಡಿದು ಕಟ್ಟೆ ಹಾಕಿತು? ಜೆರಾರ್ಡ್, ಲ್ಯಾಂಪಾರ್ಡ್ ಇಬ್ಬರೂ ನಡುವಿನಲ್ಲೇ ಇದ್ದರಲ್ಲ. 2006ರ ವಿಶ್ವಕಪ್‌ನಲ್ಲಿ ಮತ್ತೆ ಪೋರ್ಚುಗಲ್, ಮತ್ತೆ ಪೆನಾಲ್ಟಿ, ಮತ್ತೆ ಮನೆ. 2007ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲೇ ಕ್ರೊಯೇಷಿಯಾಗೆ 3-2ರಿಂದ ಸೋತು 2008ರ ಯುರೋಗೆ ಅರ್ಹತೆಯನ್ನೂ ಕಳಕೊಂಡರು. ಇಬ್ಬರು ಒಳ್ಳೆಯವರನ್ನು ಪಕ್ಕಪಕ್ಕ ನಿಲ್ಲಿಸಿದ ಮಾತ್ರಕ್ಕೆ ಜೋಡಿ ಆಗಲ್ಲ. 2010ರಲ್ಲಿ ಆಗಿನ ಕೋಚ್ ಕಪೆಲೊ ಕಡೆಯವರು ವಿಶ್ವಕಪ್‌ಗೆ ಬಾ ಎಂದು ಫೋನ್ ಮಾಡಿದರು. ಒಲ್ಲೆ ಅಂದ. ಆಮೇಲೆ ಹೋಗಬೇಕಿತ್ತೇನೋ ಅಂತ ಅವನೇ ಅಂದದ್ದೂ ಉಂಟು. ಇದು ನಿಮ್ಮ ಕಡೆಯ ವಾದಕ್ಕೆ ಸಿಗುವ ಸಾಕ್ಷಿ, ಇಟ್ಟುಕೊಳ್ಳಿ.

ಫುಟ್‌ಬಾಲ್ ಪಕ್ಕಕ್ಕಿಟ್ಟು ಸ್ವಲ್ಪ ನನ್ನ ಹೊಟ್ಟೆಯುರಿ ಕೇಳಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು. ಮುಖಪುಟದಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಹೋಗುತ್ತಿರಲಿಲ್ಲ. ಹೊರಗಿನಿಂದ ಇಬ್ಬರು ಹೆಸರುವಾಸಿ ಅಂಕಣಕಾರರು ಬಂದರು, ಅವರಿಗೆ ಡೆಸ್ಕ್‌ನಲ್ಲಿ ಕುರ್ಚಿ ಬೇಕಾಯಿತು. ಹಿರಿಯರನ್ನು ವಧು-ವರರ ಜಾಹೀರಾತು ಪುಟಕ್ಕೆ ಹಾಕಿದರು. ಅವರು ಒಂದು ತಿಂಗಳು ಗೋತ್ರ, ನಕ್ಷತ್ರ ಎಲ್ಲ ತಪ್ಪಿಲ್ಲದೆ ತಿದ್ದಿ, ಆಮೇಲೆ ರಾಜೀನಾಮೆ ಕೊಟ್ಟು ಊರಿಗೆ ಹೋದರು. ಬೀಳ್ಕೊಡುಗೆಯ ಉಪ್ಪಿಟ್ಟು ತಿನ್ನುತ್ತಾ ಎಲ್ಲರೂ ಆಡಿದ ಮಾತು ಒಂದೇ: "ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಹುದಿತ್ತು." ಅಂಕಣಕಾರರಿಗೆ ಯಾರೂ ಆ ಮಾತು ಹೇಳಲಿಲ್ಲ ನೋಡಿ.

ನಮ್ಮಲ್ಲಿ ಹೊಂದಿಕೊಳ್ಳಿ ಅಂತ ಹೇಳಿಸಿಕೊಳ್ಳುವವರು ಯಾವಾಗಲೂ ಕೆಲಸ ಬಲ್ಲ, ಬಾಯಿ ಇಲ್ಲದವರು. ಗಣಿತ ಚೆನ್ನಾಗಿ ಹೇಳಿಕೊಡುವ ಮೇಷ್ಟ್ರನ್ನು ಸಮೀಕ್ಷೆಗೆ ಮನೆಮನೆ ಅಲೆಸುತ್ತೇವೆ, ಮತದಾರರ ಪಟ್ಟಿ ತಿದ್ದಿಸುತ್ತೇವೆ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು ಅಂತ ಲೆಕ್ಕ ಬರೆಸುತ್ತೇವೆ. ಫಲಿತಾಂಶ ಕಡಿಮೆ ಬಂದರೆ ನೋಟಿಸ್ ಅವರಿಗೇ. ಒಂದು ದಿನ ಅವರು ಸ್ವಯಂ ನಿವೃತ್ತಿ ತಗೊಂಡರೆ, ಸೇವಾ ಮನೋಭಾವ ಇಲ್ಲ ಅಂತೀವಿ. ಇದರ ಬಗ್ಗೆ ಬರೆದಾಗಲೆಲ್ಲ ನಮಗೆ ಒಂದೆರಡು ಪತ್ರ ಬಂದರೆ ಹೆಚ್ಚು. ಸ್ಕೋಲ್ಸ್ ಬಗ್ಗೆ ಬರೆದರೆ ಈ ಪರಿ. ಇರಲಿ.

ಅವನು ಸಾಧು ಅಂತ ನಾನು ಹೇಳುತ್ತಿಲ್ಲ. ಆಡುವಾಗ ಮೈಕ್ ಕಂಡರೆ ಓಡುತ್ತಿದ್ದವನು ಆಮೇಲೆ ಟಿವಿಯಲ್ಲಿ ಕೂತು ಹೊಸ ಹುಡುಗರ ಮೇಲೆ ಗೊಣಗುತ್ತಿದ್ದುದನ್ನು ನೋಡಿದಾಗ ನನಗೂ ಬೇಜಾರಾಗುತ್ತಿತ್ತು. 2019ರಲ್ಲಿ ತಾನು ಚಿಕ್ಕಂದಿನಿಂದ ಮೆಚ್ಚಿದ ಓಲ್ಡಮ್ ತಂಡದ ಕೋಚ್ ಆಗಿ 31 ದಿನಕ್ಕೇ ಬಿಟ್ಟ. ಆದರೆ 2012ರ ಜನವರಿಯನ್ನು ಏನಂತೀರಿ? ನಿವೃತ್ತಿಯಾಗಿ ಏಳೆಂಟು ತಿಂಗಳಾಗಿತ್ತು. ಯುನೈಟೆಡ್‌ಗೆ ಮಿಡ್‌ಫೀಲ್ಡ್‌ನಲ್ಲಿ ಜನ ಇರಲಿಲ್ಲ. ವಾಪಸ್ ಬಂದ. ಬೂಟು ಕಂಪನಿಯ ಒಪ್ಪಂದ ಮುಗಿದಿತ್ತು, ಅಂಗಡಿಗೆ ಹೋಗಿ 40 ಪೌಂಡ್ ಕೊಟ್ಟು ಬೂಟು ಕೊಂಡ. ಮ್ಯಾಂಚೆಸ್ಟರ್ ಸಿಟಿ ವಿರುದ್ಧದ ಎಫ್‌ಎ ಕಪ್ ಪಂದ್ಯದ ದಿನ ಡ್ರೆಸ್ಸಿಂಗ್ ರೂಮಿನಲ್ಲಿ 22ನೇ ನಂಬರಿನ ಅಂಗಿ ತೂಗುತ್ತಿದ್ದುದನ್ನು ಕಂಡು ಜೊತೆಯವರೇ ಬೆಚ್ಚಿದರು. ಬದಲಿಯಾಗಿ ಇಳಿದ, ಒಂದು ಕೆಟ್ಟ ಪಾಸ್ ಕೊಟ್ಟು ಅಗ್ವೆರೊ ಗೋಲು ಹೊಡೆಯಲು ಕಾರಣವಾದ, ಆದರೂ ತಂಡ 3-2ರಿಂದ ಗೆದ್ದಿತು. ಆಮೇಲೆ ಒಂದೂವರೆ ಸೀಸನ್ ಆಡಿ 2013ರಲ್ಲಿ ಇನ್ನೊಂದು ಲೀಗ್ ಪ್ರಶಸ್ತಿ ಜೊತೆ ಮುಗಿಸಿದ. ಕರೆದಾಗ ಬರದವನು ಅಂತ ಇವನನ್ನು ಕರೆಯುವುದು ಕಷ್ಟ. ತನ್ನ ಕೆಲಸಕ್ಕೆ ಕರೆದರೆ 37ನೇ ವಯಸ್ಸಿನಲ್ಲೂ ಬಂದ.

ನಿಮ್ಮ ಜೆರಾರ್ಡ್ ಬಗ್ಗೆ ನನಗೆ ಸಿಟ್ಟಿಲ್ಲ. ನೀವೇ ಒಂದು ಲೇಖನ ಬರೆದು ಕಳಿಸಿ, ಎಂಟುನೂರು ಪದ ಸಾಕು. ಅವನ ಲಿವರ್‌ಪೂಲ್ ತಂಡ ಚಾಂಪಿಯನ್ಸ್ ಲೀಗ್ ಗೆದ್ದ 2005ರ ಇಸ್ತಾಂಬುಲ್ ರಾತ್ರಿ ಅದರಲ್ಲಿ ಇರಲೇಬೇಕು. ಗೋಲಿನ ಪಟ್ಟಿ ಮಾತ್ರ ಬೇಡ, ಅದು ಈಗಾಗಲೇ ಅಚ್ಚಾಗಿದೆ.

— ಸಂ.